ಚಿಲಿಪಿಲಿ ಯಂತ್ರದ ಮುಂದೆ ಒಂದು ಕುರ್ಚಿ

ಹೋದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಪಡಸಾಲೆಯಲ್ಲಿ ಶ್ಯಾವಿಗೆ ಹಾಕುವ ಕೆಲಸ ನಡೆದಿತ್ತು. ಏಪ್ರಿಲ್ ಬಂತೆಂದರೆ ಹಾವೇರಿಯ ನಮ್ಮ ಓಣಿಯಲ್ಲಿ ಒಂದೇ ಮಶೀನು ಹತ್ತು ಮನೆ ತಿರುಗುತ್ತದೆ. ಕಟ್ಟಿಗೆಯ ಮಣೆಗೆ ಬಿಗಿದ ಕಬ್ಬಿಣದ ಯಂತ್ರ. ಒಬ್ಬರು ಹಿಟ್ಟಿನ ಉಂಡೆ ಅದರ ಬಾಯಿಗೆ ಕೊಡಬೇಕು, ಒಬ್ಬರು ಹಿಡಿಕೆ ತಿರುವಬೇಕು, ಇನ್ನೊಬ್ಬರು ಕೆಳಗೆ ಇಳಿಯುವ ಎಳೆಗಳನ್ನು ಕೋಲಿನ ಮೇಲೆ ಎತ್ತಿಕೊಂಡು ಹೋಗಿ ಬಿಸಿಲಿಗೆ ಹಾಕಬೇಕು. ಹಿಡಿಕೆ ತಿರುವುತ್ತಿದ್ದ ನೆರೆಮನೆಯ ಅಕ್ಕ ದಣಿವಾರಿಸಿಕೊಳ್ಳಲು ನಿಂತರು, ಸೆರಗಿನಿಂದ ಮುಖ ಒರೆಸಿಕೊಂಡರು, ಗೋಡೆಯ ಕಡೆ ನೋಡಿದರು.

"ಅದೂ ಶ್ಯಾವಿಗಿ ಮಶೀನ ಏನ್ರಿ ಅಣ್ಣಾರ? ಹಿಡಿಕಿ ಐತಲ್ಲ."

"ಅಲ್ಲಬೇ ಅಕ್ಕಾ, ಹಕ್ಕಿ ಹಾಡೋ ಮಶೀನು," ಅಂದೆ.

"ಹಕ್ಕಿ ಹಾಡಾಕ ಮಶೀನ ಯಾಕ ಬೇಕ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮತ್ತೆ ಹಿಡಿಕೆಗೆ ಕೈ ಹಚ್ಚಿದರು.

ಆ ಚಿತ್ರದ ಎದುರು ಅಲ್ಲಿಯವರೆಗೆ ನಾನು ಎರಡು ವರ್ಷ ಕೂತಿದ್ದೆ. ಅಷ್ಟು ನೇರವಾದ ಪ್ರಶ್ನೆ ನನ್ನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ.

ಚಿತ್ರ ಪಾಲ್ ಕ್ಲೇ ಬರೆದದ್ದು, 1922ರಲ್ಲಿ. ಆಗ ಅವನು ಜರ್ಮನಿಯ ವೈಮಾರ್ ಎಂಬ ಊರಿನಲ್ಲಿ, ಬೌಹೌಸ್ ಕಲಾಶಾಲೆಯಲ್ಲಿ ಮೇಷ್ಟ್ರು. ಕಾಗದದ ಮೇಲೆ ಜಲವರ್ಣ ಮತ್ತು ಶಾಯಿ, ಎತ್ತರ ಸುಮಾರು 64 ಸೆಂಟಿಮೀಟರ್, ಅಗಲ 48. ಒಂದು ದಿನಪತ್ರಿಕೆಯ ಹಾಳೆಗಿಂತ ದೊಡ್ಡದೇನಲ್ಲ. ಮೂಲ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ನನ್ನ ಗೋಡೆಯ ಮೇಲಿರುವುದು ಬೆಂಗಳೂರಿನಲ್ಲಿ ಓದುವ ಮಗಳು ರಜೆಗೆ ಬರುವಾಗ ಸುರುಳಿ ಸುತ್ತಿ ತಂದ ಅಚ್ಚಿನ ಪ್ರತಿ. ಜರ್ಮನ್ ಭಾಷೆಯಲ್ಲಿ ಅದರ ಹೆಸರು 'ದೀ ತ್ಸ್ವಿಚರ್ ಮಶೀನ'. ಆ 'ತ್ಸ್ವಿಚರ್' ಎಂಬ ಶಬ್ದವನ್ನು ಒಮ್ಮೆ ಗಟ್ಟಿಯಾಗಿ ಅಂದು ನೋಡಿ, ತುಟಿ ತಾನಾಗಿಯೇ ಗುಬ್ಬಿಯ ಕೊಕ್ಕಿನ ಹಾಗೆ ಚೂಪಾಗುತ್ತದೆ. ಕನ್ನಡದಲ್ಲಿ ನಾನು ಅದನ್ನು 'ಚಿಲಿಪಿಲಿ ಯಂತ್ರ' ಎಂದು ಕರೆದುಕೊಂಡಿದ್ದೇನೆ.

ಮೊದಲ ನೋಟಕ್ಕೆ ಇದರಲ್ಲಿ ಇರುವುದು ಬಹಳ ಕಡಿಮೆ. ನೀಲಿ ಬೆರೆತ ಮಂಜಿನಂಥ ಹಿನ್ನೆಲೆ, ಅದರಲ್ಲಿ ಅಲ್ಲಲ್ಲಿ ಕದಡಿದ ನೇರಳೆ, ಒಂದು ಕಡೆ ಗುಲಾಬಿಯ ಸುಳಿವು. ಅದರ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳಲ್ಲಿ ಒಂದು ಸರಳಿನಂಥದು, ಅದಕ್ಕೆ ಅಂಟಿದ ಹಿಡಿಕೆ. ಸರಳಿನ ಜೊತೆ ಏರಿಳಿಯುವ ತಂತಿ, ಆ ತಂತಿಯ ಮೇಲೆ ನಾಲ್ಕು ಹಕ್ಕಿಗಳು. ಹಕ್ಕಿ ಎನ್ನುವುದಕ್ಕಿಂತ ಹಕ್ಕಿತಲೆಗಳು ಎಂದರೆ ಸರಿ. ಮೈ ಎಂಬುದು ಒಂದು ಕಡ್ಡಿ, ಕಾಲೂ ಕಡ್ಡಿ, ತಲೆ ಮಾತ್ರ ಮೈಗೆ ಮೀರಿ ದೊಡ್ಡದು. ಎಲ್ಲವೂ ಬಾಯಿ ತೆರೆದಿವೆ. ಕೆಳಗೆ ಆಯತಾಕಾರದ ಏನೋ ಒಂದು. ಮೇಜೂ ಇರಬಹುದು, ತೊಟ್ಟಿಯೂ ಇರಬಹುದು. ಇಷ್ಟೇ. ನಮ್ಮ ಮನೆಗೆ ಬಂದವರು ಚಹಾ ಕುಡಿಯುತ್ತ ಐದು ಸೆಕೆಂಡು ಇದನ್ನು ನೋಡಿ, "ಮೊಮ್ಮಕ್ಕಳು ತಗದಾರೇನ್ರಿ?" ಎಂದು ಕೇಳುತ್ತಾರೆ. ನನಗೆ ಮೊಮ್ಮಕ್ಕಳಿಲ್ಲ. ಆದರೆ ಆ ಮಾತು ಸುಳ್ಳೂ ಅಲ್ಲ. ಕ್ಲೇ 1911ರಲ್ಲಿ ತನ್ನ ಚಿತ್ರಗಳ ಯಾದಿ ಬರೆದಿಡಲು ತೊಡಗಿದಾಗ, ತಾನು ಚಿಕ್ಕಂದಿನಲ್ಲಿ ಗೀಚಿದ ಚಿತ್ರಗಳಲ್ಲಿ ಕೆಲವನ್ನು ಆರಿಸಿ ಅವಕ್ಕೂ ಅದರಲ್ಲಿ ಜಾಗ ಕೊಟ್ಟ. ಮಕ್ಕಳ ಕೈಯನ್ನು ಅವನು ಕೀಳಾಗಿ ಕಂಡವನಲ್ಲ.

ಕುರ್ಚಿಯ ಮಾತಿಗೆ ಬರುತ್ತೇನೆ. 1920ರಲ್ಲಿ ಪ್ರಕಟವಾದ ತನ್ನೊಂದು ಬರಹದಲ್ಲಿ ಕ್ಲೇ ಹಳಬನೊಬ್ಬನ ಮಾತನ್ನು ನೆನೆಯುತ್ತಾನೆ. ಚಿತ್ರ ಅರ್ಥವಾಗಬೇಕಾದರೆ ಕುರ್ಚಿ ಬೇಕು, ಕಾಲು ಸೋತರೆ ಅದು ಮನಸ್ಸಿಗೆ ಅಡ್ಡ ಬರುತ್ತದೆ ಎನ್ನುವ ಅರ್ಥದ ಮಾತು. ಚಿತ್ರ ಹುಟ್ಟುವುದಕ್ಕೆ ಹೊತ್ತು ಬೇಕಾದ ಹಾಗೆ ಅದನ್ನು ನೋಡುವುದಕ್ಕೂ ಹೊತ್ತು ಬೇಕು, ಕಣ್ಣು ಅದರೊಳಗೆ ಮೇಯುತ್ತ ಹೋಗಬೇಕು ಎನ್ನುವುದು ಅವನ ನಂಬಿಕೆ. ಇದನ್ನು ಓದಿದ ದಿನವೇ ಬೆತ್ತದ ಕುರ್ಚಿಯೊಂದನ್ನು ಎಳೆದು ಚಿತ್ರದ ಎದುರಿಗೆ ಹಾಕಿದೆ. ಬೆಳಗಿನ ಚಹಾದ ಹೊತ್ತು ಅಲ್ಲಿಯೇ.

ಮೊದಲು ಹಿಡಿಸಿದ್ದು ಗೆರೆ. ಅದು ಪೆನ್ನಿನ ಗೆರೆಯ ಹಾಗೆ ಚೊಕ್ಕವಾಗಿಲ್ಲ. ಅಂಚು ಒರಟು, ಕೆಲವು ಕಡೆ ಮಸಿ ಉಜ್ಜಿದ ಹಾಗೆ ಕಲೆ, ಯಾರೋ ಕೈ ಊರಿ ಎದ್ದ ಗುರುತು. ಮೊದಲ ವಾರ ನಾನಿದನ್ನು ಅಚ್ಚಿನ ದೋಷ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಕ್ಲೇ ತಾನೇ ಕಂಡುಕೊಂಡ ಒಂದು ಕೈಚಳಕ. ಒಂದು ಹಾಳೆಗೆ ಕಪ್ಪು ಎಣ್ಣೆಬಣ್ಣ ಬಳಿದು ಅದನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕುತ್ತಿದ್ದ. ಅದರ ಮೇಲೆ ಮೊದಲೇ ಬರೆದಿಟ್ಟ ರೇಖಾಚಿತ್ರವನ್ನಿಟ್ಟು ಸೂಜಿಯ ಮೊನೆಯಿಂದ ತಿದ್ದುತ್ತಿದ್ದ. ತಿದ್ದಿದಲ್ಲೆಲ್ಲ ಕೆಳಗಿನ ಹಾಳೆಗೆ ಕಪ್ಪು ಇಳಿಯುತ್ತಿತ್ತು. ಅಂಗೈ ಒತ್ತಿದ ಕಡೆ ಬೇಡದಿದ್ದರೂ ಒಂದಿಷ್ಟು ಮಸಿ ಇಳಿಯುತ್ತಿತ್ತು, ಅದನ್ನು ಅವನು ಹಾಗೇ ಇರಗೊಡುತ್ತಿದ್ದ. ಎಣ್ಣೆಗೂ ನೀರಿಗೂ ಕೂಡಿ ಬರುವುದಿಲ್ಲವಷ್ಟೆ, ಮೇಲೆ ಜಲವರ್ಣ ಹರಿಸಿದರೂ ಗೆರೆ ಕರಗದೆ ಉಳಿಯುತ್ತಿತ್ತು.

ಇದನ್ನು ತಿಳಿದಾಗ ನನಗಾದ ಸಂತೋಷ ಹೇಳತೀರದು. ಏಕೆಂದರೆ ಇದು ಕಾರ್ಬನ್ ಹಾಳೆಯ ಕಥೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ನಾನು ಲೆಕ್ಕ ಬರೆದವನು. ಕಂಪ್ಯೂಟರ್ ಬರುವ ಮೊದಲು ಪಟ್ಟಿಪುಸ್ತಕದ ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಸಿಗಿಸಿ, ಗಟ್ಟಿಯಾಗಿ ಒತ್ತಿ ಬರೆಯಬೇಕಿತ್ತು. ಮೇಲಿನದು ರೈತನಿಗೆ, ನಡುವಿನದು ಖರೀದಿದಾರನಿಗೆ, ತಳದ್ದು ನಮ್ಮ ದಫ್ತರಕ್ಕೆ. ಆ ತಳದ ಹಾಳೆಯ ಅಕ್ಷರಗಳು ನನ್ನ ಕೈಯವೇ ಆಗಿದ್ದರೂ ನನ್ನವಲ್ಲ ಎಂಬಂತೆ ಇರುತ್ತಿದ್ದವು. ದುಂಡಗಿನ ಅಕ್ಷರ ಸ್ವಲ್ಪ ಮಸುಕು, ಸ್ವಲ್ಪ ದಪ್ಪ, ಅಂಕಿಗಳ ಪಕ್ಕದಲ್ಲಿ ನನ್ನ ಕಿರುಬೆರಳಿನ ನೀಲಿ ಗುರುತು. ಯಾವುದೋ ಹಳೆಯ ದಸ್ತಾವೇಜಿನ ಗಾಂಭೀರ್ಯ ಅದಕ್ಕೆ ಬರುತ್ತಿತ್ತು. ಕ್ಲೇಯ ಹಕ್ಕಿಗಳಿಗೆ ಅದೇ ಗುಣವಿದೆ. ಈಗ ತಾನೇ ಬರೆದವು ಅನ್ನಿಸುವುದಿಲ್ಲ, ಇನ್ನೆಲ್ಲಿಂದಲೋ ಒತ್ತಿ ಬಂದವು ಅನ್ನಿಸುತ್ತದೆ. ಎಷ್ಟೋ ಸಲ ನಾನು ಚಿತ್ರವನ್ನು ಬಿಟ್ಟು ಆ ಕಲೆಗಳನ್ನೇ ನೋಡುತ್ತ ಕೂತಿದ್ದೇನೆ. ಒಂದು ನೂರು ವರ್ಷದ ಹಿಂದೆ ಒಬ್ಬ ಮನುಷ್ಯನ ಅಂಗೈ ಇಲ್ಲಿ ಊರಿತ್ತು.

ಬಣ್ಣದ ವಿಷಯದಲ್ಲಿ ನಾನು ಮೊದಲು ಇದಕ್ಕೆ ಒಲಿಯಲಿಲ್ಲ. ಬ್ಯಾಡಗಿಯಲ್ಲಿ ಬದುಕಿದವನ ಕಣ್ಣು ಕೆಂಪಿಗೆ ಪಳಗಿದ ಕಣ್ಣು. ಸೋಮವಾರ, ಗುರುವಾರ ಪೇಟೆಯ ದಿನ ಎಪಿಎಂಸಿಯ ಅಂಗಳಕ್ಕೆ ಹೋಗಿ ನಿಲ್ಲಿ. ಬಾಯಿ ಬಿಚ್ಚಿದ ಚೀಲಗಳು ಸಾಲುಸಾಲಾಗಿ, ಒಂದೊಂದರ ಬಾಯಲ್ಲೂ ಒಂದೊಂದು ಕೆಂಪು. ನೆರಿಗೆಗಟ್ಟಿದ ನೀಳ ಕಡ್ಡಿ ಕಾಯಿಯ ಕೆಂಪು ಬೇರೆ, ಗಿಡ್ಡಗೆ ಉಬ್ಬಿದ ಡಬ್ಬಿ ಕಾಯಿಯ ಕೆಂಪು ಬೇರೆ, ಒಂದು ಮಳೆ ತಿಂದ ಕಾಯಿಯ ಕೆಂಪು ಮತ್ತೂ ಬೇರೆ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣವೇ ಅದರ ಹೆಚ್ಚುಗಾರಿಕೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿದ್ದು, ಅದರಿಂದ ತೆಗೆದ ಬಣ್ಣದ ರಸ ತಿನಿಸಿಗೂ ಲಿಪ್‌ಸ್ಟಿಕ್‌ಗೂ ಹೋಗುವುದು ಈ ಕೆಂಪಿನ ಬಲದ ಮೇಲೆಯೇ. ಒಳ್ಳೆಯ ಖರೀದಿದಾರ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದ ಕಾಯಿ ತೆಗೆಯುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಮುರಿದು ಬೀಜ ನೋಡುತ್ತಾನೆ, ಬೆರಳಿಗೆ ಹತ್ತಿದ ಬಣ್ಣವನ್ನು ಹೆಬ್ಬೆರಳಿನಿಂದ ತೀಡುತ್ತಾನೆ. ಮಾತಿಲ್ಲ. ನೋಡುವುದು ಒಂದು ಕಸುಬು ಎಂದು ನಾನು ಕಲಿತದ್ದು ಅವರಿಂದ, ಯಾವ ಕಲಾಶಾಲೆಯಿಂದಲೂ ಅಲ್ಲ.

ಅಂಥ ಕೆಂಪಿನ ಎದುರು ಈ ನೀಲಿ ತೊಳೆದಿಟ್ಟ ಬಟ್ಟೆಯ ಹಾಗೆ ಕಂಡಿತು. ನಂತರ ಒಂದು ದಿನ, ಮಾರ್ಗಶಿರದ ಚಳಿಯಲ್ಲಿ, ಬೆಳಿಗ್ಗೆ ಆರಕ್ಕೆ ಹೆಗ್ಗೇರಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ನೀರಿನ ಮೇಲೆ ಮಂಜು ಕವಿದಿತ್ತು. ಸೂರ್ಯ ಇನ್ನೂ ಮೂಡಿರಲಿಲ್ಲ, ಮೂಡಲಿದ್ದ ಕಡೆ ಮಾತ್ರ ನೀಲಿಯ ಅಡಿಯಿಂದ ಒಂದು ಗುಲಾಬಿ ಮೆಲ್ಲಗೆ ಏರುತ್ತಿತ್ತು. ಎಲ್ಲಿ ನೀಲಿ ಮುಗಿದು ಎಲ್ಲಿ ಗುಲಾಬಿ ಶುರು ಎಂದು ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಹಕ್ಕಿಗಳು ಒಂದೇ ಸಲಕ್ಕೆ ಬಾಯಿ ಬಿಟ್ಟವು. ನಾನು ಏರಿಯ ಮೇಲೇ ನಿಂತುಬಿಟ್ಟೆ. ಅರೆ, ಇದು ಆ ಹೊತ್ತಿನ ಚಿತ್ರ! ರಾತ್ರಿ ಮುಗಿಯುವುದಕ್ಕೂ ಬೆಳಗು ಆಗುವುದಕ್ಕೂ ನಡುವೆ ಒಂದು ಐದು ನಿಮಿಷ ಇದೆಯಲ್ಲ, ಅದರದು. ಕೆಂಪು ಅಲ್ಲಿಗೆ ಬರುವ ಮಾತೇ ಇಲ್ಲ, ಅದು ಇನ್ನೂ ಹುಟ್ಟಿಲ್ಲ. ಕ್ಲೇ 1914ರ ಏಪ್ರಿಲ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಟ್ಯುನೀಸಿಯಾಕ್ಕೆ ಹೋಗಿ ಅಲ್ಲಿನ ಬೆಳಕು ಕಂಡು, ಬಣ್ಣ ತನ್ನನ್ನು ಹಿಡಿಯಿತು ಎಂದು ದಿನಚರಿಯಲ್ಲಿ ಬರೆದುಕೊಂಡವನು. ಅದಕ್ಕೂ ಮೊದಲು ಅವನದು ಹೆಚ್ಚಾಗಿ ಕಪ್ಪುಬಿಳುಪಿನ ಗೆರೆಯ ಲೋಕ. ಎಂಟು ವರ್ಷದ ನಂತರದ ಈ ಚಿತ್ರದಲ್ಲಿ ಬಣ್ಣ ಮಾತಾಡುವುದೇ ಇಲ್ಲ, ಉಸಿರಾಡುತ್ತದೆ ಅಷ್ಟೆ. ಅಷ್ಟು ಸಣ್ಣ ದನಿಗೆ ಇಳಿಯಲು ಎಷ್ಟು ಧೈರ್ಯ ಬೇಕು!

ಇನ್ನು ಹಕ್ಕಿಗಳು. ನಾಲ್ಕೂ ಒಂದೇ ಎಂದು ಮೊದಲು ಅನ್ನಿಸುತ್ತದೆ. ಒಂದೊಂದನ್ನೇ ನೋಡಬೇಕು. ಒಂದರ ಬಾಯಿಂದ ಆಶ್ಚರ್ಯಸೂಚಕ ಚಿಹ್ನೆಯೇ ಎದ್ದು ನಿಂತಿದೆ, ಕೊರಳು ಬಿಚ್ಚಿ ಕೂಗುವ ಕೂಗು ಅದು. ಇನ್ನೊಂದರ ಕೊಕ್ಕಿನಲ್ಲಿ ಬಾಣ, ಕಿವಿಗೆ ಚುಚ್ಚುವ ಕೀರಲು ದನಿ. ನಡುವಿನದು ಕತ್ತು ಜೋತುಬಿಟ್ಟಿದೆ, ನಾಲಗೆ ಹೊರಬಿದ್ದಿದೆ. ಉಳಿದದ್ದು ಹಾಡುತ್ತ ಹಾಡುತ್ತ ಎಡವುತ್ತಿದೆ. ಹಾಡನ್ನು ಬರೆಯುವ ಲಿಪಿ ನಮ್ಮಲ್ಲಿ ಇದೆ, ಆದರೆ ದನಿಯ ಆಕಾರ ಬರೆದವರು ಕಡಿಮೆ. ಕ್ಲೇಯ ಅಪ್ಪ ಸಂಗೀತದ ಮೇಷ್ಟ್ರು, ಹೆಂಡತಿ ಲಿಲಿ ಪಿಯಾನೊ ಕಲಿಸುತ್ತಿದ್ದಳು, ಅವನು ಸ್ವತಃ ಹುಡುಗನಾಗಿದ್ದಾಗಿಂದಲೇ ಒಳ್ಳೆಯ ಪಿಟೀಲುವಾದಕ. ದನಿಗೂ ಉದ್ದ, ದಪ್ಪ, ಮೊನೆ ಇವೆ ಎಂಬುದು ಅವನಿಗೆ ಕೈಯ ಅನುಭವ. ಈ ಚಿತ್ರ ನೋಡಿದ ಸಂಗೀತಗಾರರಿಗೂ ಅದು ಕೇಳಿಸಿದೆ. ಅಮೆರಿಕದ ಗುಂಥರ್ ಶುಲರ್ 1959ರಲ್ಲಿ ಕ್ಲೇಯ ಏಳು ಚಿತ್ರಗಳ ಮೇಲೆ ವಾದ್ಯವೃಂದಕ್ಕೆ ಸಂಗೀತ ಬರೆದಾಗ ಅದರಲ್ಲಿ ಒಂದು ಭಾಗ ಈ ಯಂತ್ರದ್ದೇ.

ಜೋತುಬಿದ್ದ ಆ ಹಕ್ಕಿ ನನ್ನನ್ನು ಬಹಳ ದಿನ ಕಾಡಿತು. ಸತ್ತಿದೆಯೋ, ದಣಿದಿದೆಯೋ? ಶ್ಯಾವಿಗೆಯ ದಿನ ಅಕ್ಕ ಹಿಡಿಕೆ ಬಿಟ್ಟು ನಿಂತಾಗ ಮಶೀನಿನ ತೂತುಗಳಿಂದ ಇಳಿಯುತ್ತಿದ್ದ ಎಳೆಗಳು ಅರ್ಧಕ್ಕೇ ನಿಂತು ಜೋತಾಡಿದವು. ಮತ್ತೆ ತಿರುವಿದಾಗ ಇಳಿಯತೊಡಗಿದವು. ಅಷ್ಟೇ ಉತ್ತರ! ಹಕ್ಕಿ ಸತ್ತಿಲ್ಲ, ಹಿಡಿಕೆ ನಿಂತಿದೆ. ಯಾರಾದರೂ ಬಂದು ತಿರುವಿದರೆ ತಂತಿ ಏಳುತ್ತದೆ, ಜೋತುಬಿದ್ದದ್ದು ತಲೆ ಎತ್ತುತ್ತದೆ, ತಲೆ ಎತ್ತಿದ್ದು ಕೆಳಗಿಳಿಯುತ್ತದೆ. ಆದರೆ ಹಿಡಿಕೆಯ ಹತ್ತಿರ ಯಾರೂ ಇಲ್ಲ. ಕೈ ಹಾಕಬೇಕಾದವರ ಜಾಗ ಖಾಲಿ ಬಿಟ್ಟಿದೆ, ಚಿತ್ರದ ಈಚೆ, ಕುರ್ಚಿಯ ಕಡೆಗೆ.

ಇದು ತಿಳಿದ ಮೇಲೆ ಚಿತ್ರ ಮೊದಲಿನಷ್ಟು ನಗೆಯದಾಗಿ ಉಳಿಯಲಿಲ್ಲ. ಹಕ್ಕಿಗಳ ಕಾಲು ತಂತಿಗೆ ಸೇರಿಕೊಂಡಿವೆ, ಹಾರುವಂತಿಲ್ಲ. ರೆಕ್ಕೆ ಎಂದು ಹೇಳಿಕೊಳ್ಳುವಂಥದು ಯಾವುದೂ ಇಲ್ಲ. ಕೆಳಗಿನ ಆ ಆಯತ ಹೊಂಡದ ಹಾಗೆ ಕಾಣತೊಡಗುತ್ತದೆ. ಹಾಡಿನ ಆಸೆ ತೋರಿಸಿ ಬೇರೆ ಹಕ್ಕಿಗಳನ್ನು ಕೆಳಗೆ ಬೀಳಿಸಿಕೊಳ್ಳುವ ಬೇಟೆಯ ಹೂಟ ಇದು ಎಂದು ಹೇಳುವ ವಿಮರ್ಶಕರೂ ಇದ್ದಾರೆ. ನಾನು ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಬೇಟೆಗಾರನ ಕ್ರೌರ್ಯ ಈ ಗೆರೆಗಳಲ್ಲಿ ಇಲ್ಲ. ಆದರೆ ನೋವಿದೆ. 1922 ಎಂದರೆ ಮೊದಲ ಮಹಾಯುದ್ಧ ಮುಗಿದು ನಾಲ್ಕೇ ವರ್ಷ. ಜೊತೆಗೆ ಟ್ಯುನೀಸಿಯಾಕ್ಕೆ ಬಂದಿದ್ದ ಗೆಳೆಯ ಆಗಸ್ಟ್ ಮಾಕೆ ಯುದ್ಧದ ಮೊದಲ ತಿಂಗಳುಗಳಲ್ಲೇ, ಇಪ್ಪತ್ತೇಳರ ಹರೆಯದಲ್ಲಿ ಸತ್ತ. ಕ್ಲೇಯೂ ಸೈನ್ಯಕ್ಕೆ ಸೇರಬೇಕಾಯಿತು. ಅಲ್ಲಿ ಅವನ ಪಾಲಿಗೆ ಬಂದ ಕೆಲಸಗಳಲ್ಲಿ ವಿಮಾನಗಳಿಗೆ ಬಣ್ಣ ಬಳಿಯುವುದೂ ಒಂದು. ರೆಕ್ಕೆಯುಳ್ಳ ಯಂತ್ರಗಳನ್ನು ಹತ್ತಿರದಿಂದ ಕಂಡು ಬಂದವನು ರೆಕ್ಕೆಯಿಲ್ಲದ ಹಕ್ಕಿಗಳನ್ನು ಯಂತ್ರಕ್ಕೆ ಕಟ್ಟಿದ.

ನಮ್ಮ ಹೊಲಗಳಲ್ಲಿ ಇದಕ್ಕೆ ತಿರುವುಮುರುವಾದ ಒಂದು ಯಂತ್ರ ಉಂಟು. ಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಹಕ್ಕಿ ಕಾಯಬೇಕು. ನಾನು ಹುಡುಗನಾಗಿದ್ದಾಗ ಅಟ್ಟಣಿಗೆ ಏರಿ, ಕವಣೆಯಲ್ಲಿ ಹೆಂಟೆ ಬೀಸಿ, ತಗಡಿನ ಡಬ್ಬಿ ಬಡಿದು, ಗಂಟಲು ಹರಿಯುವ ಹಾಗೆ ಕೂಗಿ ಹಕ್ಕಿ ಎಬ್ಬಿಸುತ್ತಿದ್ದೆವು. ಈಗ ಆಳು ಸಿಗುವುದಿಲ್ಲ. ರಾಣೆಬೆನ್ನೂರಿನ ಕಡೆ, ನನ್ನ ಹೆಂಡತಿಯ ತವರಿನವರ ಹೊಲದಲ್ಲಿ, ಕಂಬದ ತುದಿಗೆ ಒಂದು ತಗಡಿನ ಪಂಖ ಕಟ್ಟಿದ್ದಾರೆ. ಗಾಳಿಗೆ ಪಂಖ ತಿರುಗಿದರೆ ಅದರ ಹಿಂದಿನ ಕಬ್ಬಿಣದ ತುಂಡು ಒಂದು ಹಳೆಯ ಸ್ಟೀಲ್ ತಾಟಿಗೆ ಬಡಿಯುತ್ತದೆ, ಟಣಟಣ ಟಣಟಣ. ಅದು ಹಕ್ಕಿ ಓಡಿಸುವ ಯಂತ್ರ, ಕ್ಲೇಯದು ಹಕ್ಕಿ ಹಾಡಿಸುವ ಯಂತ್ರ. ಹೋದ ಸಲ ಹೋದಾಗ ನೋಡಿದೆ, ಗಾಳಿ ಬಿದ್ದಿತ್ತು, ಪಂಖ ನಿಂತಿತ್ತು, ಅದರ ರೆಕ್ಕೆಯ ಮೇಲೆಯೇ ಮೂರು ಗುಬ್ಬಿ ಕೂತು ಒಂದೇ ಸಮನೆ ಚಿಂವ್‌ಗುಟ್ಟುತ್ತಿದ್ದವು. ಮಾವನವರಿಗೆ ಕೋಪ. ನನಗೆ ಮಾತ್ರ ಕಣ್ಣೆದುರಿಗೆ ಗೋಡೆಯ ಚಿತ್ರ ಬಂದು ನಿಂತಿತ್ತು.

ಚಿತ್ರ ಕಂಡದ್ದರ ಹಾಗೆಯೇ ಇರಬೇಕು ಎಂಬ ಆಸೆ ತಪ್ಪಲ್ಲ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋದವರಿಗೆ ಗೊತ್ತು, ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಎತ್ತು, ರೈತ, ಬೀಸುವ ಹೆಂಗಸು ಎಲ್ಲರೂ ಆಳೆತ್ತರದಲ್ಲಿ ನಮ್ಮ ಮನೆಯವರ ಹಾಗೆಯೇ ಎದುರಾಗುತ್ತಾರೆ, ಬೆನ್ನು ಮುಟ್ಟಿ ನೋಡಬೇಕು ಅನ್ನಿಸುತ್ತದೆ. ಮರೆಯಾಗುತ್ತಿರುವ ಬದುಕನ್ನು ಹಿಡಿದಿಡುವ ಆ ಕಲೆಗೆ ನಾನು ಕೈಮುಗಿಯುತ್ತೇನೆ. ಆದರೆ ಅದೇ ತಾಲ್ಲೂಕಿನ ಶಿಶುವಿನಹಾಳದ ಶರೀಫರು ಇನ್ನೊಂದು ದಾರಿಯನ್ನೂ ನಮಗೆ ತೋರಿಸಿದ್ದಾರೆ. ಕೋಳಿಯ ಬಾಯಿಗೆ ಕೋಡಗ ಬೀಳುವ ಅವರ ಪದವನ್ನು ಭಜನೆಯಲ್ಲಿ ಹಾಡುವಾಗ ಅದು ಹೇಗೆ ಸಾಧ್ಯ ಎಂದು ಯಾವ ಹಳ್ಳಿಯ ಅಜ್ಜಿಯೂ ತಕರಾರು ತೆಗೆದದ್ದಿಲ್ಲ. ಮೊದಲು ನಗುತ್ತಾರೆ, ತಾಳ ಹಾಕುತ್ತಾರೆ, ಆಮೇಲೆ ಎಲ್ಲೋ ಒಂದು ಕಡೆ ಗಂಭೀರರಾಗುತ್ತಾರೆ. ಶರೀಫರು ಹೋದದ್ದು 1889ರಲ್ಲಿ. ಆಗ ಕ್ಲೇ ಒಂಬತ್ತು ವರ್ಷದ ಹುಡುಗ, ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ ಪಿಟೀಲು ಕಲಿಯುತ್ತಿದ್ದ. ಇಬ್ಬರಿಗೂ ಒಬ್ಬರ ಸುಳಿವು ಒಬ್ಬರಿಗಿಲ್ಲ. ಆದರೆ ಶರೀಫರ ಪದ ಕೇಳಿ ಬೆಳೆದ ಕಿವಿಗೆ ಕ್ಲೇಯ ಹಕ್ಕಿ ವಿಚಿತ್ರ ಎನ್ನಿಸಬೇಕಾಗಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆಟದ ಮುಖ ಹೊತ್ತು ಬಂದ ಆಳದ ಮಾತು ನಮಗೆ ಹೊಸದಲ್ಲ.

ಕ್ಲೇಯ ಚಿತ್ರಗಳು ನಮ್ಮ ದೇಶಕ್ಕೆ ಬಂದೂ ಇದ್ದವು. ಈ ಯಂತ್ರವನ್ನು ಬರೆದ 1922ರಲ್ಲೇ, ಡಿಸೆಂಬರ್ ತಿಂಗಳಲ್ಲಿ, ಕಲ್ಕತ್ತದ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ನಡೆಸಿದ ಪ್ರದರ್ಶನದಲ್ಲಿ ಬೌಹೌಸ್‌ನವರ ಕೃತಿಗಳು ತೂಗಿದವು. ಶಾಂತಿನಿಕೇತನದಲ್ಲಿ ಪಾಠ ಹೇಳುತ್ತಿದ್ದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಅದರ ಹಿಂದೆ ಇದ್ದವರು. ಕಾಂಡಿನ್ಸ್ಕಿ, ಫೈನಿಂಗರ್ ಅವರ ಜೊತೆ ಕ್ಲೇಯ ಜಲವರ್ಣಗಳೂ ಬಂದಿದ್ದವು. ಅದೇ ಪ್ರದರ್ಶನದಲ್ಲಿ ಗಗನೇಂದ್ರನಾಥ ಟ್ಯಾಗೋರರ ಚಿತ್ರಗಳೂ ಇದ್ದವು. ಹಡಗಿನಲ್ಲಿ ಅಷ್ಟು ದೂರ ಬಂದ ತೆಳ್ಳನೆಯ ಕಾಗದಗಳ ಎದುರು ಧೋತರ ಉಟ್ಟ ಜನ ನಿಂತು ಏನೇನು ಮಾತಾಡಿಕೊಂಡರೋ ಎಂದು ಎಷ್ಟೋ ಬೆಳಿಗ್ಗೆ ಕಲ್ಪಿಸಿಕೊಂಡಿದ್ದೇನೆ.

ಚಿಲಿಪಿಲಿ ಯಂತ್ರದ ಮುಂದಿನ ಕಥೆ ಅಷ್ಟು ಹಿತವಲ್ಲ. ಬರ್ಲಿನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯ 1923ರಲ್ಲಿ ಅದನ್ನು ಕೊಂಡಿತು. ಹತ್ತು ವರ್ಷದಲ್ಲಿ ನಾಜಿಗಳು ಬಂದರು. 1933ರಲ್ಲಿ ಕ್ಲೇಯ ಕೆಲಸ ಹೋಯಿತು, ಆ ವರ್ಷದ ಕೊನೆಗೆ ಅವನು ಬರ್ನ್‌ಗೆ ಮರಳಿದ. 1937ರಲ್ಲಿ ಜರ್ಮನಿಯ ಸಾರ್ವಜನಿಕ ಸಂಗ್ರಹಗಳಿಂದ ಅವನ ನೂರಕ್ಕೂ ಹೆಚ್ಚು ಕೃತಿಗಳನ್ನು ಭ್ರಷ್ಟ ಕಲೆ ಎಂದು ಹೆಸರಿಟ್ಟು ಹೊರತೆಗೆದರು. ನಾಲ್ಕು ಕಡ್ಡಿ ಹಕ್ಕಿಗಳಿಗೆ ಒಂದು ಸರ್ಕಾರ ಹೆದರಿತು. ಮಾರಾಟಗಾರರ ಕೈ ದಾಟಿ ಚಿತ್ರ 1939ರಲ್ಲಿ ನ್ಯೂಯಾರ್ಕಿನ ಆ ಮ್ಯೂಸಿಯಂ ಸೇರಿತು. ಮರುವರ್ಷ ಜೂನ್ 29ರಂದು ಕ್ಲೇ ತೀರಿಕೊಂಡ. ಹುಟ್ಟಿದ್ದು, ಬೆಳೆದದ್ದು, ಸತ್ತದ್ದು ಮೂರೂ ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಅಪ್ಪ ಜರ್ಮನ್ ಆದ ಕಾರಣ ಅಲ್ಲಿಯ ಪೌರತ್ವ ಅವನಿಗೆ ಕೊನೆಗೂ ಸಿಗಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರ ಏನು ಹೇಳುತ್ತದೆ ಎಂದು ಕೇಳಿದರೆ ನಾನು ದೇವರಗುಡ್ಡದ ಕಡೆ ಕೈ ತೋರಿಸುತ್ತೇನೆ. ರಾಣೆಬೆನ್ನೂರು ತಾಲ್ಲೂಕಿನ ಆ ಗುಡ್ಡದಲ್ಲಿ ದಸರೆಯ ಹೊತ್ತಿಗೆ ಮಾಲತೇಶನ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಕೆಳಗೆ ಕಣ್ಣು ಹಾಯುವವರೆಗೆ ಜನ, ಡಮರುಗದ ಸದ್ದು, ಭಂಡಾರದ ಹಳದಿ. ತುದಿ ಮುಟ್ಟಿದವನು ಮುಗಿಲಿನ ಕಡೆ ನೋಡಿ 'ಸದ್ದಲೇ' ಎನ್ನುತ್ತಾನೆ. ಅಷ್ಟು ಜನರ ಜಾತ್ರೆ ಒಂದು ಕ್ಷಣಕ್ಕೆ ಉಸಿರು ಹಿಡಿದು ನಿಲ್ಲುತ್ತದೆ. ಆಗ ಅವನ ಬಾಯಿಂದ ಒಂದೇ ಒಂದು ವಾಕ್ಯ ಬೀಳುತ್ತದೆ, ಹಿಂದೆಯೇ ಅವನೂ ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಆ ಒಂದು ವಾಕ್ಯವನ್ನು ನಮ್ಮ ಜನ ಮುಂದಿನ ದಸರೆಯವರೆಗೆ ಮೆಲ್ಲುತ್ತಾರೆ. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ವ್ಯಾಪಾರಿ ಧಾರಣೆ ಹುಡುಕುತ್ತಾನೆ, ಕಟ್ಟೆಯ ಮೇಲಿನವರು ರಾಜಕೀಯ ಹುಡುಕುತ್ತಾರೆ. ಬ್ಯಾಡಗಿಯ ಅಂಗಡಿಯಲ್ಲಿ ಕೂತು ನಾನು ಅದೆಷ್ಟು ಅರ್ಥಗಳನ್ನು ಕೇಳಿದ್ದೇನೆ! ಎಲ್ಲವೂ ಆ ವಾಕ್ಯಕ್ಕೆ ಹೊಂದುತ್ತಿದ್ದವು, ಯಾವುದೂ ಅದನ್ನು ಮುಗಿಸುತ್ತಿರಲಿಲ್ಲ.

ನನ್ನ ಕಣ್ಣಿಗೆ ಕ್ಲೇಯ ಆ ಆಶ್ಚರ್ಯಸೂಚಕದ ಹಕ್ಕಿ ಬಿಲ್ಲಿನ ತುದಿಯ ಗೊರವಯ್ಯನೇ. ಒಂದು ಸಾಲಿಗಾಗಿ ಬಾಯಿ ತೆರೆದಿದೆ, ಮರುಕ್ಷಣ ಬೀಳಲಿದೆ. ಕೆಳಗಿನ ಆಯತ ಹೊಂಡವೂ ಇರಬಹುದು, ಹಿಡಿದುಕೊಳ್ಳಲು ಹಾಸಿದ ಕಂಬಳಿಯೂ ಇರಬಹುದು. ಬೀಳುವವನನ್ನು ಹಿಡಿಯುವ ಜನರ ನಾಡಿನಲ್ಲಿ ಹುಟ್ಟಿದ ನನಗೆ ಅದು ಕಂಬಳಿಯಾಗಿ ಕಾಣುತ್ತದೆ. ಬೇರೆ ಕುರ್ಚಿಯಲ್ಲಿ ಕೂತವರಿಗೆ ಬೇರೆ ಕಂಡೀತು.

ಶ್ಯಾವಿಗೆಯ ದಿನ ಸಂಜೆ ನೆರೆಮನೆಯ ಅಕ್ಕ ಒಣಗಿದ ಶ್ಯಾವಿಗೆಯ ಒಂದು ಪಾಲನ್ನು ನಮ್ಮ ಮನೆಗೆ ಕೊಡಲು ಬಂದರು. ಪುಟ್ಟಿಯನ್ನು ಕೆಳಗಿಟ್ಟು ಮತ್ತೆ ಚಿತ್ರದ ಮುಂದೆ ನಿಂತರು. ಈ ಸಲ ಬೆಳಗಿಗಿಂತ ಹೆಚ್ಚು ಹೊತ್ತು ನಿಂತರು. ನಾನು ಕುರ್ಚಿ ಬಿಟ್ಟು ಎದ್ದೆ. ಕೂರುವುದಿಲ್ಲ ಎಂದರು, ಆಮೇಲೆ ಕೂತರು. ಮೊದಲ ಹಕ್ಕಿಯಿಂದ ಕೊನೆಯ ಹಕ್ಕಿಯವರೆಗೆ ಬೆರಳು ಆಡಿಸುತ್ತ ಬಂದು, ಜೋತುಬಿದ್ದದ್ದರ ಹತ್ತಿರ ನಿಲ್ಲಿಸಿದರು.

"ಪಾಪ, ಇದಕ್ಕ ನೀರಡಿಕಿ ಆಗೇತ್ರಿ," ಅಂದರು.

ಎರಡು ವರ್ಷದಲ್ಲಿ ನಾನು ಅದರ ನಾಲಗೆಯನ್ನು ಕಂಡಿದ್ದೆ, ಬಾಯಾರಿಕೆಯನ್ನು ಕಂಡಿರಲಿಲ್ಲ.

ಜಲವರ್ಣಕ್ಕೆ ಬೆಳಕೇ ವೈರಿ. ಕಾಗದದ ಮೇಲಿನ ಇಂಥ ಕೃತಿಗಳನ್ನು ಮ್ಯೂಸಿಯಂನವರು ವರ್ಷವಿಡೀ ತೂಗುಹಾಕುವುದಿಲ್ಲ, ಕೆಲವು ಕಾಲ ತೋರಿಸಿ ಮತ್ತೆ ಕತ್ತಲಲ್ಲಿ ಇಡುತ್ತಾರೆ. ನಮ್ಮ ಪಡಸಾಲೆಯ ಅಚ್ಚಿನ ಪ್ರತಿಯಲ್ಲೂ ಮೂರು ಗಂಟೆಯ ಬಿಸಿಲು ಬೀಳುವ ಮೂಲೆಯ ನೀಲಿ ಮಾಸಿದೆ. ಹೋದ ವಾರ ಚಿತ್ರವನ್ನು ಬಿ‌ಸಿಲು ತಾಗದ ಒಳಗೋಡೆಗೆ ಬದಲಿಸಿದೆ. ಅದರ ಎದುರು ಈಗ ಎರಡು ಕುರ್ಚಿ ಇವೆ.